ಹಾಡು ಬಿಟ್ಟುಹೋದ ಜಾಗ: ‘ಮೆಷಿನ್ ಹೆಡ್’ ಧ್ವನಿಮುದ್ರಣ ಕುರಿತು ಒಂದು ಟಿಪ್ಪಣಿ

ಡೀಪ್ ಪರ್ಪಲ್ ಎಂಬ ಬ್ರಿಟಿಷ್ ಹಾರ್ಡ್ ರಾಕ್ ತಂಡದ ‘ಮೆಷಿನ್ ಹೆಡ್’ ಆಲ್ಬಮ್ ಹೊರಬಂದದ್ದು 1972ರ ಮಾರ್ಚ್‌ನಲ್ಲಿ. ಅದು ತಯಾರಾದ ಬಗೆಯನ್ನು ತಿಳಿಯಲು ಬಹುತೇಕ ಕೇಳುಗರು ಬೇರೆಲ್ಲಿಗೂ ಹೋಗುವುದಿಲ್ಲ. ಅದರೊಳಗಿನ ‘ಸ್ಮೋಕ್ ಆನ್ ದ ವಾಟರ್’ ಹಾಡೇ ಆ ಕತೆಯನ್ನು ಹೇಳಿಬಿಡುತ್ತದೆ. ತಂಡ ಸ್ವಿಟ್ಜರ್ಲೆಂಡಿನ ಮಾಂಟ್ರೊ ಊರಿಗೆ ಬಂತು, ಧ್ವನಿಮುದ್ರಣಕ್ಕೆ ಗೊತ್ತುಮಾಡಿದ್ದ ಕ್ಯಾಸಿನೊ ಬೆಂಕಿಗೆ ಆಹುತಿಯಾಯಿತು, ಕೊನೆಗೆ ಖಾಲಿ ಬಿದ್ದಿದ್ದ ಗ್ರ್ಯಾಂಡ್ ಹೋಟೆಲಿನಲ್ಲಿ ಕೆಲಸ ಮುಗಿಯಿತು. ಐವತ್ತು ವರ್ಷಗಳಿಂದ ಈ ಆಲ್ಬಮ್ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಹಾಡಿನ ಈ ಕ್ರಮವನ್ನೇ ಹಿಡಿದು ಬರೆದಿದ್ದಾರೆ.

ಕ್ರಮದಲ್ಲಿ ಒಂದು ಕೊಂಡಿ ತಪ್ಪಿದೆ. ಸುಟ್ಟ ಕ್ಯಾಸಿನೊಗೂ ಗ್ರ್ಯಾಂಡ್ ಹೋಟೆಲಿಗೂ ನಡುವೆ ತಂಡ ಇನ್ನೊಂದು ಕಟ್ಟಡದಲ್ಲಿ ವಾದ್ಯಗಳನ್ನು ಇಳಿಸಿತ್ತು. ಅದು ಪೆವಿಲಿಯನ್ ಎಂಬ ಹೆಸರಿನ ಒಂದು ರಂಗಮಂದಿರ. ಅಲ್ಲಿ ಟೇಪಿಗೆ ಇಳಿದದ್ದು ಒಂದೇ ಒಂದು ರಚನೆ, ಅದೂ ಮಾತಿಲ್ಲದ ಬರೀ ವಾದ್ಯಭಾಗ. ‘ಸ್ಮೋಕ್ ಆನ್ ದ ವಾಟರ್’ ಎಂದು ಮುಂದೆ ಹೆಸರಾದದ್ದು ಅದೇ. ಎಂದರೆ, ಆಲ್ಬಮ್ಮಿನ ಚರಿತ್ರೆಯನ್ನು ಹೇಳುವ ಹಾಡು ತನ್ನ ಸಂಗೀತ ಹುಟ್ಟಿದ ಜಾಗವೊಂದನ್ನೇ ಹೇಳದೆ ಬಿಟ್ಟಿದೆ. ಈ ಲೋಪ ಆಕಸ್ಮಿಕವೆಂದು ಸುಮ್ಮನೆ ಬಿಡುವಂಥದ್ದಲ್ಲ. ಮಾತು ಮತ್ತು ಸಂಗೀತ ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಕಾರಣಕ್ಕೆ ಹುಟ್ಟಿದವು ಎಂಬುದಕ್ಕೆ ಅದು ಗುರುತು ಎಂಬುದು ಈ ಟಿಪ್ಪಣಿಯ ವಾದ.

ಘಟನೆಯನ್ನು ಹಾಡಿನಿಂದ ಎತ್ತಿಕೊಳ್ಳುವಾಗ ಎಚ್ಚರ ಬೇಕೆಂಬುದು ಕನ್ನಡದ ವಿದ್ವಾಂಸರಿಗೆ ಹೊಸ ಮಾತಲ್ಲ. 1857ರ ಹಲಗಲಿ ಬೇಡರ ದಂಗೆಯ ಲಾವಣಿಯನ್ನು ಓದುವಾಗ ಲಾವಣಿಕಾರ ಏನನ್ನು ಹಿಗ್ಗಿಸಿದ, ಏನನ್ನು ನುಂಗಿದ, ಯಾರ ಹೆಸರನ್ನು ಉಳಿಸಿದ ಎಂದು ನಾವು ಕೇಳಿಯೇ ಕೇಳುತ್ತೇವೆ. ರಾಕ್ ಹಾಡು ಮುದ್ರಿತ ರೂಪದಲ್ಲಿ, ಕರ್ತೃಗಳ ಹೆಸರು ಸಮೇತ ಸಿಗುತ್ತದೆ ಎಂಬ ಕಾರಣಕ್ಕೆ ಅದನ್ನು ಹಾಗೆ ಪರೀಕ್ಷಿಸದೆ ಬಿಡುವುದು ಸರಿಯಲ್ಲ. ಅದೃಷ್ಟವಶಾತ್ ಇಲ್ಲಿ ಹಾಡಿನ ಜೊತೆ ಇಟ್ಟು ನೋಡಲು ಬೇರೆ ಆಧಾರಗಳಿವೆ: ಆಲ್ಬಮ್ಮಿನ ಹೊದಿಕೆ, ತಂಡದವರೂ ಧ್ವನಿಮುದ್ರಣಕಾರರೂ ನಂತರ ಹೇಳಿದ ನೆನಪುಗಳು, ಆ ಚಳಿಗಾಲದ ನಂತರದ ಕಛೇರಿಗಳ ಟೇಪುಗಳು, ಜೊತೆಗೆ ಬೆಂಕಿ ಹತ್ತಿದ ಹೊತ್ತಿನದೇ ಒಂದು ಧ್ವನಿಮುದ್ರಣ.

ಮೊದಲು ಮಾಂಟ್ರೊಗೆ ಏಕೆ ಹೋದರು ಎಂಬುದು. ತಂಡದಲ್ಲಿ ಆಗ ಇದ್ದವರು ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್, ಗಾಯಕ ಇಯಾನ್ ಗಿಲನ್, ಬೇಸ್ ಗಿಟಾರಿನ ರೋಜರ್ ಗ್ಲೋವರ್, ಆರ್ಗನ್ ನುಡಿಸುತ್ತಿದ್ದ ಜಾನ್ ಲಾರ್ಡ್, ಡ್ರಮ್ಸ್‌ನ ಇಯಾನ್ ಪೇಸ್. 1970ರ ‘ಇನ್ ರಾಕ್’ ಇವರಿಗೆ ಹೆಸರು ತಂದಿತ್ತು. ಅದರ ಬೆನ್ನಿಗೆ ಬಂದ 1971ರ ‘ಫೈರ್‌ಬಾಲ್’ ಪ್ರವಾಸಗಳ ಬಿಡುವಿನಲ್ಲಿ, ಒಂದೊಂದು ಸ್ಟುಡಿಯೋದಲ್ಲಿ ಒಂದೊಂದು ತುಣುಕಾಗಿ ತಯಾರಾದದ್ದು. ಬ್ಲ್ಯಾಕ್‌ಮೋರ್‌ಗೆ ಅದರ ಬಗ್ಗೆ ಸಮಾಧಾನವಿರಲಿಲ್ಲ. ವೇದಿಕೆಯ ಮೇಲೆ ತಮ್ಮಿಂದ ಹೊರಡುವ ಅಬ್ಬರ ಸ್ಟುಡಿಯೋದ ಮೆತ್ತನೆಯ ಗೋಡೆಗಳ ನಡುವೆ ಸತ್ತುಹೋಗುತ್ತದೆ ಎಂಬುದು ಅವರೆಲ್ಲರ ದೂರು. ಸ್ಟುಡಿಯೋ ಬಿಟ್ಟು ನಿಜವಾದ ಸಭಾಂಗಣದಲ್ಲಿ ನುಡಿಸಿ ಮುದ್ರಿಸಬೇಕು ಎಂಬ ತೀರ್ಮಾನ ಹುಟ್ಟಿದ್ದು ಇಲ್ಲಿ. ಬ್ರಿಟನ್ನಿನ ಹೊರಗೆ ಮುದ್ರಿಸಿದರೆ ತೆರಿಗೆಯ ದೃಷ್ಟಿಯಿಂದ ಅನುಕೂಲವಿತ್ತು ಎಂಬುದೂ ನಿಜ. ಭಕ್ತ ಅಭಿಮಾನಿಗಳು ಈ ಎರಡನೆಯ ಕಾರಣವನ್ನು ಅಷ್ಟಾಗಿ ಎತ್ತುವುದಿಲ್ಲ. ಆ ವರ್ಷದ ಶರತ್ಕಾಲದ ಅಮೆರಿಕ ಪ್ರವಾಸ ಗಿಲನ್‌ಗೆ ಹೆಪಟೈಟಿಸ್ ಬಂದು ಅರ್ಧಕ್ಕೆ ನಿಂತದ್ದರಿಂದ ಡಿಸೆಂಬರ್ ತಿಂಗಳು ಕೈಗೆ ಸಿಕ್ಕಿತು.

ಮಾಂಟ್ರೊ ಇವರಿಗೆ ಗೊತ್ತಿದ್ದ ಊರು. ಜಿನೀವಾ ಸರೋವರದ ಪೂರ್ವ ತುದಿಯಲ್ಲಿರುವ, ಫ್ರೆಂಚ್ ಮಾತಾಡುವ ಪ್ರವಾಸಿ ಪಟ್ಟಣ ಅದು. 1967ರಿಂದ ಅಲ್ಲಿ ಜಾಸ್ ಉತ್ಸವ ನಡೆಸುತ್ತಿದ್ದ ಕ್ಲೋಡ್ ನಾಬ್ಸ್ ರಾಕ್ ತಂಡಗಳನ್ನೂ ಕರೆಸುತ್ತಿದ್ದರು. 1971ರ ಏಪ್ರಿಲ್‌ನಲ್ಲಿ ಡೀಪ್ ಪರ್ಪಲ್ ಅದೇ ಕ್ಯಾಸಿನೊದ ಸಭಾಂಗಣದಲ್ಲಿ ಕಛೇರಿ ನೀಡಿತ್ತು. ಆ ಹಾಲಿನಲ್ಲಿ ತಮ್ಮ ದನಿ ಹೇಗೆ ಕೇಳುತ್ತದೆ ಎಂಬ ಅನುಭವ ಅವರಿಗಾಗಿತ್ತು. ಕ್ಯಾಸಿನೊದ ಚಳಿಗಾಲದ ಬಿಡುವಿನಲ್ಲಿ ಹಾಲು ಇವರಿಗೆ ಸಿಗಬೇಕಿತ್ತು. ಅದಕ್ಕೆ ಮೊದಲು ಅಲ್ಲಿ ಒಂದು ಕಾರ್ಯಕ್ರಮ ಬಾಕಿಯಿತ್ತು. ಅದು ಡಿಸೆಂಬರ್ 4ರ ಮಧ್ಯಾಹ್ನದ ಫ್ರ್ಯಾಂಕ್ ಜಪ್ಪಾ ಮತ್ತು ಮದರ್ಸ್ ಆಫ್ ಇನ್ವೆನ್ಷನ್ ತಂಡದ ಕಛೇರಿ.

ಸಾಮಗ್ರಿಯ ವಿಚಾರದಲ್ಲಿ ತಂಡ ನೆಚ್ಚಿಕೊಂಡದ್ದು ರೋಲಿಂಗ್ ಸ್ಟೋನ್ಸ್ ಬಳಗದ ಸಂಚಾರಿ ಸ್ಟುಡಿಯೋವನ್ನು. ಇದೊಂದು ಲಾರಿ. ಒಳಗೆ ಹೀಲಿಯೋಸ್ ಕಂಪನಿಯ ಮಿಕ್ಸಿಂಗ್ ಮೇಜು, ಹದಿನಾರು ಟ್ರ್ಯಾಕಿನ ಟೇಪ್ ಯಂತ್ರ. ಸ್ಟೋನ್ಸ್ ತಂಡದ ಪಿಯಾನೋ ವಾದಕ ಇಯಾನ್ ಸ್ಟೂವರ್ಟ್ ಅವರ ಮುತುವರ್ಜಿಯಿಂದ ತಯಾರಾಗಿದ್ದ ಈ ಗಾಡಿಯನ್ನು ಅವರು ಬೇರೆ ತಂಡಗಳಿಗೂ ಬಾಡಿಗೆಗೆ ಕೊಡುತ್ತಿದ್ದರು. ಲೆಡ್ ಜೆಪ್ಲಿನ್ ಇದನ್ನು ಹ್ಯಾಂಪ್‌ಶೈರ್‌ನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡದ ಮುಂದೆ ನಿಲ್ಲಿಸಿ ಮುದ್ರಿಸಿತ್ತು. 1971ರಲ್ಲೇ ದಕ್ಷಿಣ ಫ್ರಾನ್ಸಿನ ನೆಲ್‌ಕೋಟ್ ಬಂಗಲೆಯ ನೆಲಮಾಳಿಗೆಯಲ್ಲಿ ಸ್ಟೋನ್ಸ್ ನುಡಿಸಿದ್ದನ್ನು ಹಿಡಿದದ್ದೂ ಇದೇ ಗಾಡಿ. ಈಗ ಅದು ಕೆನಡಾದ ಕ್ಯಾಲ್ಗರಿಯ ನ್ಯಾಷನಲ್ ಮ್ಯೂಸಿಕ್ ಸೆಂಟರ್‌ನಲ್ಲಿದೆ. ಗಾಡಿಯೊಳಗೆ ಕೂತು ಧ್ವನಿಮುದ್ರಣದ ಹೊಣೆ ಹೊತ್ತವರು ಮಾರ್ಟಿನ್ ಬರ್ಚ್. ‘ಇನ್ ರಾಕ್’ನಿಂದ ತಂಡದ ಜೊತೆಗಿದ್ದು, ಮುಂದೆ ಬ್ಲ್ಯಾಕ್ ಸಬ್ಬತ್, ಐರನ್ ಮೇಡನ್ ತಂಡಗಳ ಆಲ್ಬಮ್‌ಗಳನ್ನು ರೂಪಿಸಿದವರು ಇವರೇ.

ಸ್ಟುಡಿಯೋ ಗಾಲಿಯ ಮೇಲಿತ್ತು ಎಂಬ ಒಂದೇ ಸಂಗತಿ ಈ ಆಲ್ಬಮ್ಮನ್ನು ಉಳಿಸಿತು. ಬೆಂಕಿಯ ಕತೆಯ ಭರದಲ್ಲಿ ಇದು ಹಿಂದೆ ಸರಿಯುತ್ತದೆ. ಕ್ಯಾಸಿನೊ ಸುಟ್ಟಾಗ ಡೀಪ್ ಪರ್ಪಲ್ ಕಳೆದುಕೊಂಡದ್ದು ನಾಲ್ಕು ಗೋಡೆಗಳನ್ನು. ತನ್ನ ವಾದ್ಯ, ಆಂಪ್ಲಿಫೈಯರುಗಳನ್ನೆಲ್ಲ ಕಳೆದುಕೊಂಡದ್ದು ಜಪ್ಪಾ ತಂಡ.

ಬೆಂಕಿ ಹತ್ತಿದ ಹೊತ್ತಿನ ಟೇಪ್ ಉಳಿದಿದೆ. ಸಭೆಯಲ್ಲಿ ಕೂತು ಯಾರೋ ಕದ್ದು ಮುದ್ರಿಸಿಕೊಂಡದ್ದು ಕಳ್ಳಪ್ರತಿಯಾಗಿ ಹರಿದಾಡಿ, 1992ರಲ್ಲಿ ಜಪ್ಪಾ ಅವರ ‘ಬೀಟ್ ದ ಬೂಟ್ಸ್’ ಸರಣಿಯ ಎರಡನೆಯ ಕಂತಿನಲ್ಲಿ ಅಧಿಕೃತವಾಗಿಯೇ ಹೊರಬಂತು. ಅದರಲ್ಲಿ ‘ಕಿಂಗ್ ಕಾಂಗ್’ ರಚನೆಯ ನಡುವೆ ಡಾನ್ ಪ್ರೆಸ್ಟನ್ ಸಿಂಥೆಸೈಜರ್ ನುಡಿಸುತ್ತಿದ್ದಾರೆ, ಸಭೆಯಲ್ಲಿ ಗದ್ದಲವೇಳುತ್ತದೆ, ಜಪ್ಪಾ ಮೊದಲು ಒಂದು ತಮಾಷೆಯ ಮಾತು ಬಿಟ್ಟು, ಆಮೇಲೆ ಎಲ್ಲರೂ ಗಾಬರಿಯಾಗದೆ ಬಾಗಿಲ ಕಡೆ ಹೊರಡಿ ಎಂದು ಹೇಳುತ್ತಾರೆ. ಹಾಡಿನಲ್ಲಿ ಬರುವ ಭೀಕರ ಸದ್ದು, ಓಡಾಟ ಈ ಟೇಪಿನ ಆರಂಭದಲ್ಲಿ ಅಷ್ಟಾಗಿ ಇಲ್ಲ. ಪ್ರೇಕ್ಷಕನೊಬ್ಬ ಸಿಡಿಮದ್ದಿನ ಪಿಸ್ತೂಲಿನಿಂದ ಚಾವಣಿಗೆ ಹಾರಿಸಿದ ಬೆಂಕಿ ಬೆತ್ತದ ಹೊದಿಕೆಗೆ ತಗುಲಿ ಮೊದಲು ನಿಧಾನವಾಗಿ, ಆಮೇಲೆ ಒಮ್ಮೆಲೇ ಹರಡಿತು. ಸಾವು ಸಂಭವಿಸಲಿಲ್ಲ. ಒಳಗೆ ಸಿಕ್ಕಿಕೊಂಡಿದ್ದ ಕೆಲವು ಎಳೆಯರನ್ನು ನಾಬ್ಸ್ ಹೊರಗೆಳೆದು ತಂದರು ಎಂಬುದು ಹಾಡಿನಲ್ಲೂ ಇದೆ, ಇತರರ ಹೇಳಿಕೆಗಳಲ್ಲೂ ಇದೆ. ಈ ಸಾಲು ನಿಲ್ಲುತ್ತದೆ. ಅಂದಹಾಗೆ ಜಪ್ಪಾಗೆ ಆ ಡಿಸೆಂಬರ್ ಅಲ್ಲಿಗೇ ಮುಗಿಯಲಿಲ್ಲ. ಆರೇ ದಿನದಲ್ಲಿ ಲಂಡನ್ನಿನ ರೇನ್‌ಬೋ ರಂಗಮಂದಿರದಲ್ಲಿ ಪ್ರೇಕ್ಷಕನೊಬ್ಬ ಅವರನ್ನು ವೇದಿಕೆಯಿಂದ ಕೆಳಕ್ಕೆ ತಳ್ಳಿ, ಅವರು ತಿಂಗಳುಗಟ್ಟಲೆ ಹಾಸಿಗೆ ಹಿಡಿದರು.

ಡೀಪ್ ಪರ್ಪಲ್‌ನವರು ಆ ಕಛೇರಿಯಲ್ಲಿ ಪ್ರೇಕ್ಷಕರಾಗಿದ್ದರು. ಸಂಜೆ ಹೋಟೆಲಿನ ಕಿಟಕಿಯಿಂದ, ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಹೊಗೆ ಸರೋವರದ ಮೇಲೆ ಹಾಸಿಕೊಂಡದ್ದನ್ನು ನೋಡಿದರು. ಆದರೆ ನೋಡಿದ ಕೂಡಲೇ ಹಾಡು ಹುಟ್ಟಲಿಲ್ಲ.

ನಾಬ್ಸ್ ತಲೆಯ ಮೇಲೆ ಕೈಹೊತ್ತು ಕೂರುವ ಆಸಾಮಿಯಲ್ಲ. ಕ್ಯಾಸಿನೊ ಬೂದಿಯಾದ ಮರುದಿನಗಳಲ್ಲೇ ತಂಡಕ್ಕೆ ಪೆವಿಲಿಯನ್ ಒದಗಿಸಿದರು. ವಾದ್ಯಗಳು ಒಳಗೆ, ಲಾರಿ ಹೊರಗೆ. ತಂಡ ರಾತ್ರಿ ನುಡಿಸತೊಡಗಿತು. ಬ್ಲ್ಯಾಕ್‌ಮೋರ್ ಒಂದು ಚಿಕ್ಕ ನುಡಿಗಟ್ಟನ್ನು ಹಿಡಿದುಕೊಂಡು ಬಂದಿದ್ದರು. ಪೇಸ್ ಅದಕ್ಕೆ ಲಯ ಕೂಡಿಸಿದರು. ಸುತ್ತಲಿನ ನಿವಾಸಿಗಳಿಗೆ ನಿದ್ದೆಗೆಟ್ಟು ಪೊಲೀಸರಿಗೆ ದೂರು ಹೋಯಿತು. ಪೊಲೀಸರು ಬಂದು ಬಾಗಿಲು ಬಡಿಯುವಾಗ ಒಳಗೆ ಸರಿಯಾದ ಒಂದು ಟೇಕ್ ನಡೆಯುತ್ತಿತ್ತು. ತಂಡದ ಸಾಮಾನು ಸಾಗಿಸುವ ಹುಡುಗರು ಒಳಗಿನಿಂದ ಬಾಗಿಲಿಗೆ ಮೈಕೊಟ್ಟು ನಿಂತರು; ಟೇಕ್ ಮುಗಿದ ಮೇಲೆ ಬಾಗಿಲು ತೆರೆಯಿತು; ಪೆವಿಲಿಯನ್ನಿನ ಅಧ್ಯಾಯ ಅಲ್ಲಿಗೆ ಮುಗಿಯಿತು. ತಂಡದವರು ಹಲವು ಸಲ, ವಿಶೇಷವಾಗಿ 2002ರಲ್ಲಿ ಬಂದ ‘ಕ್ಲಾಸಿಕ್ ಆಲ್ಬಮ್ಸ್’ ಸಾಕ್ಷ್ಯಚಿತ್ರದ ಕಾಲದಿಂದೀಚೆಗೆ, ಈ ಪ್ರಸಂಗವನ್ನು ನಗುತ್ತಾ ಹೇಳಿದ್ದಾರೆ. ಟೇಪಿನ ಮೇಲೆ ಆ ರಚನೆಗೆ ಹೆಸರಿರಲಿಲ್ಲ. ‘ಟೈಟಲ್ ನಂಬರ್ ಒನ್’ ಎಂಬ ಕೆಲಸದ ಗುರುತಷ್ಟೇ.

ಆ ನುಡಿಗಟ್ಟನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರಾಕ್ ಪರಿಭಾಷೆಯಲ್ಲಿ ರಿಫ್ ಎನ್ನುವ ಇದು ಜಿ ಮೈನರ್ ಬ್ಲೂಸ್ ಮೇಳದ ನಾಲ್ಕೇ ಸ್ವರಗಳ ಮೇಲೆ ನಿಂತಿದೆ. ಪ್ರತಿ ಸ್ವರದ ಜೊತೆಗೆ ಅದರಿಂದ ನಾಲ್ಕನೆಯದು, ನಮ್ಮ ಲೆಕ್ಕದಲ್ಲಿ ಷಡ್ಜಕ್ಕೂ ಶುದ್ಧ ಮಧ್ಯಮಕ್ಕೂ ಇರುವಷ್ಟು ಅಂತರದ್ದು, ಒಟ್ಟೊಟ್ಟಿಗೆ ಸಾಗುತ್ತದೆ. ಬ್ಲ್ಯಾಕ್‌ಮೋರ್ ಪ್ಲೆಕ್ಟ್ರಮ್ ಬಿಟ್ಟು, ಪಕ್ಕಪಕ್ಕದ ಎರಡು ತಂತಿಗಳನ್ನು ಬೆರಳಿನಿಂದ ಏಕಕಾಲಕ್ಕೆ ಮೀಟುತ್ತಾರೆ. ಹಾಗಾಗಿ ಎರಡೂ ಸ್ವರ ಒಂದೇ ಕ್ಷಣಕ್ಕೆ, ಒಂದೇ ತೂಕದಲ್ಲಿ ಹೊರಡುತ್ತವೆ. ಬೆಂಗಳೂರಿನ ಗಿಟಾರ್ ತರಗತಿಗಳಲ್ಲಿ ಹೊಸಬರಿಗೆ ಮೊದಲ ವಾರವೇ ಕಲಿಸುವ ಈ ನುಡಿ ಬಹುಮಟ್ಟಿಗೆ ಒಂದೇ ತಂತಿಯ ಮೇಲೆ ನಡೆಯುತ್ತದೆ, ಇಲ್ಲವೇ ಪಂಚಮದ ಜೋಡಿಯಾಗಿ ದಪ್ಪಗೆ ಬೀಳುತ್ತದೆ. ಮೂಲದ ಒರಟು ಆ ಮಧ್ಯಮದ ಜೋಡಿಯಲ್ಲಿದೆ. ಗಿಟಾರ್ ಒಂಟಿಯಾಗಿ ಶುರುಮಾಡಿದ್ದಕ್ಕೆ ಡ್ರಮ್ಸ್‌ನ ಹೈಹ್ಯಾಟ್ ತಾಳಗಳೂ ಲಾರ್ಡ್ ಅವರ ಹ್ಯಾಮಂಡ್ ಆರ್ಗನ್ನೂ ಕೂಡಿಕೊಳ್ಳುತ್ತವೆ. ಆಮೇಲೆ ಡ್ರಮ್ಸ್ ಪೂರ್ತಿ, ಆಮೇಲೆ ಬೇಸ್. ಲಾರ್ಡ್ ತಮ್ಮ ಆರ್ಗನ್ನನ್ನು ಗಿಟಾರಿನವರ ಮಾರ್ಷಲ್ ಆಂಪ್ಲಿಫೈಯರಿಗೆ ಕೂಡಿಸಿಕೊಂಡಿದ್ದರಿಂದ ಅದರ ದನಿಯೂ ಒಡೆದು ಗಿಟಾರಿನ ಬಣ್ಣಕ್ಕೆ ತಿರುಗುತ್ತದೆ. ಎಲ್ಲಿ ಗಿಟಾರ್ ಮುಗಿದು ಎಲ್ಲಿ ಆರ್ಗನ್ ಹೊರಟಿತು ಎಂದು ಗೆರೆ ಎಳೆಯುವುದು ಕಷ್ಟ. ಇಷ್ಟೂ ಪೆವಿಲಿಯನ್ನಿನ ಫಸಲು. ಇದರಲ್ಲಿ ಬೆಂಕಿಯನ್ನಾಗಲಿ ಹೊಗೆಯನ್ನಾಗಲಿ ಕೇಳುವವರು ಹೆಸರನ್ನು ಮೊದಲು ಓದಿ ಆಮೇಲೆ ಕೇಳುತ್ತಿದ್ದಾರೆ ಎಂದೇ ನನ್ನ ಅನಿಸಿಕೆ.

ಪೆವಿಲಿಯನ್ ಕೈತಪ್ಪಿದ ಮೇಲೆ ಸಿಕ್ಕಿದ್ದು ಟೆರಿಟೆ ಕಡೆಯ ಗ್ರ್ಯಾಂಡ್ ಹೋಟೆಲ್. ಚಳಿಗಾಲಕ್ಕೆ ಮುಚ್ಚಿದ್ದ ಕಟ್ಟಡ. ಒಳಗೆ ಶಾಖದ ವ್ಯವಸ್ಥೆ ನಡೆಯುತ್ತಿರಲಿಲ್ಲ. ಕೈಗಾರಿಕೆಗಳಲ್ಲಿ ಬಳಸುವ ದೊಡ್ಡ ಹೀಟರುಗಳನ್ನು ತರಿಸಿದರು. ಮುಖ್ಯ ಪಡಸಾಲೆಯಿಂದ ಹೊರಟ ಕಾರಿಡಾರುಗಳು ಕೂಡುವ ಕಡೆ ಡ್ರಮ್ಸ್, ಆಂಪ್ಲಿಫೈಯರು ಜೋಡಿಸಿ, ಒಂದರ ಸದ್ದು ಇನ್ನೊಂದರ ಮೈಕಿಗೆ ನುಗ್ಗದಂತೆ ಹೋಟೆಲಿನ ಹಾಸಿಗೆಗಳನ್ನೇ ಗೋಡೆಗೆ ಆನಿಸಿ ನಿಲ್ಲಿಸಿದರು. ಲಾರಿ ಹೊರಗೆ ಅಂಗಳದಲ್ಲಿ.

ಆಲ್ಬಮ್ಮಿನ ಗುಣವನ್ನು ತೀರ್ಮಾನಿಸಿದ್ದು ಈ ಲಾರಿಗೂ ಕಾರಿಡಾರಿಗೂ ಇದ್ದ ದೂರ ಎಂದು ನನಗೆ ತೋರುತ್ತದೆ. ನುಡಿಸಿದ್ದು ಹೇಗೆ ಬಂದಿದೆ ಎಂದು ಕೇಳಬೇಕೆಂದರೆ ವಾದ್ಯ ಕೆಳಗಿಟ್ಟು, ಮಲಗುವ ಕೋಣೆಗಳನ್ನು, ಸ್ನಾನದ ಮನೆಗಳನ್ನು, ಬಾಲ್ಕನಿಯನ್ನು ದಾಟಿ, ಚಳಿಯಲ್ಲಿ ಅಂಗಳ ಹಾಯ್ದು ಲಾರಿ ಹತ್ತಬೇಕು; ತಿರುಗಿ ಅದೇ ದಾರಿಯಲ್ಲಿ ಬರಬೇಕು. ಕೆಲವು ಸಲ ಹಾಗೆ ಹೋಗಿಬಂದು ಸಾಕಾಗಿ, ಆಮೇಲೆ ತಂಡ ಹೋಗುವುದನ್ನೇ ಬಿಟ್ಟಿತು. ತಮಗೆ ಸರಿ ಬಂತು ಎನ್ನಿಸುವ ತನಕ ನುಡಿಸುವುದು, ಲಾರಿಯೊಳಗಿನದನ್ನು ಬರ್ಚ್‌ಗೆ ಬಿಡುವುದು. ಸ್ಟುಡಿಯೋದಲ್ಲಿ ಗಾಜಿನಾಚೆಗಿನ ಕೋಣೆಗೆ ನಾಲ್ಕು ಹೆಜ್ಜೆ ಇಟ್ಟರೆ ಸಾಕು. ಅಲ್ಲಿ ಕೂತು ಕೇಳಿ, ಇಲ್ಲಿ ಸರಿಯಿಲ್ಲ, ಅಲ್ಲಿ ಸರಿಯಿಲ್ಲ ಎಂದು ಬಿಡಿಸಿ ಬಿಡಿಸಿ ತಿದ್ದುವ ಚಾಳಿ ಬೆಳೆಯುತ್ತದೆ. ಇಲ್ಲಿ ಆ ಚಾಳಿಗೆ ಅವಕಾಶವೇ ಇರಲಿಲ್ಲ. ‘ಫೈರ್‌ಬಾಲ್’ ಬಿಡಿಬಿಡಿಯಾಗಿ ಕೇಳಿಸುವುದೂ ‘ಮೆಷಿನ್ ಹೆಡ್’ ಒಂದೇ ಪಟ್ಟಿನಲ್ಲಿ ಕೂತು ನುಡಿಸಿದಂತೆ ಕೇಳಿಸುವುದೂ ಇದರಿಂದ. ಬೆಂಕಿ ಹತ್ತದೆ, ಕ್ಯಾಸಿನೊದಲ್ಲೇ ಮುದ್ರಣ ನಡೆದಿದ್ದರೂ ಲಾರಿ ಹೊರಗೇ ನಿಲ್ಲುತ್ತಿತ್ತು. ಆದರೆ ಹಾಲಿಗೂ ಬಾಗಿಲಿಗೂ ನಡುವೆ ಇಷ್ಟು ಸುತ್ತುಬಳಸು ಇರುತ್ತಿರಲಿಲ್ಲ.

ಇದರರ್ಥ ಎಲ್ಲವೂ ಆ ಕ್ಷಣದ ಸ್ಫೂರ್ತಿಯೆಂದಲ್ಲ. ‘ಹೈವೇ ಸ್ಟಾರ್’ ಸೆಪ್ಟೆಂಬರ್‌ನಲ್ಲಿ ಪೋರ್ಟ್ಸ್‌ಮತ್‌ಗೆ ಹೋಗುವ ಬಸ್ಸಿನಲ್ಲಿ, ಹಾಡು ಹೇಗೆ ಕಟ್ಟುತ್ತೀರಿ ಎಂದು ಪತ್ರಕರ್ತನೊಬ್ಬ ಕೇಳಿದ್ದಕ್ಕೆ ಉತ್ತರವಾಗಿ ಶುರುವಾಗಿ, ಅಂದು ರಾತ್ರಿಯೇ ವೇದಿಕೆಗೆ ಬಂದದ್ದು. ಮಾಂಟ್ರೊಗೆ ಬರುವ ಹೊತ್ತಿಗೆ ಅದು ವೇದಿಕೆಯ ಮೇಲೆ ತಿಂಗಳುಗಟ್ಟಲೆ ಪಳಗಿತ್ತು. ಅದರ ಗಿಟಾರ್ ಸೋಲೋವನ್ನು ಬ್ಲ್ಯಾಕ್‌ಮೋರ್ ಬಾಖ್‌ನ ಶೈಲಿಯ ಸ್ವರಮೇಳ ಕ್ರಮದ ಮೇಲೆ ಮೊದಲೇ ಸ್ವರಸ್ವರವಾಗಿ ಕಟ್ಟಿಟ್ಟುಕೊಂಡಿದ್ದರು. ಅದರ ಮೇಲೆ ಇನ್ನೊಂದು ಎಳೆಯನ್ನು ಸೇರಿಸಿ ನುಡಿಸಿದರು. ಸಾಮಾನ್ಯವಾಗಿ ಹೊಳೆದಂತೆ ನುಡಿಸುವ ಅವರಲ್ಲಿ ಇದು ಅಪರೂಪ. ‘ಮೇಬಿ ಐಯಾಮ್ ಎ ಲಿಯೋ’ದ ಎತ್ತುಗಡೆಗೆ ಜಾನ್ ಲೆನನ್ ಅವರ ‘ಹೌ ಡು ಯು ಸ್ಲೀಪ್’ ಪ್ರೇರಣೆ ಎಂದು ಗ್ಲೋವರ್ ಒಪ್ಪಿಕೊಂಡಿದ್ದಾರೆ. ‘ಸ್ಪೇಸ್ ಟ್ರಕಿನ್’ನ ನುಡಿ ಟೀವಿಯ ‘ಬ್ಯಾಟ್‌ಮನ್’ ಧಾರಾವಾಹಿಯ ಶೀರ್ಷಿಕೆ ಸಂಗೀತದಿಂದ ಹೊರಟಿತು. ‘ಪಿಕ್ಚರ್ಸ್ ಆಫ್ ಹೋಮ್’ ಬಗ್ಗೆ ಇಲ್ಲಿ ಹೇಳಬೇಕಾದ್ದು ಹೆಚ್ಚಿಲ್ಲ. ಅದರಲ್ಲಿ ಗ್ಲೋವರ್ ಅವರಿಗೆ ಒಂದು ಬೇಸ್ ಸೋಲೋ ಸಿಕ್ಕಿತು ಎಂಬುದನ್ನು ಬಿಟ್ಟರೆ.

ಈಗ ಮಾತಿನ ಪ್ರಶ್ನೆ. ಬೆಂಕಿಯ ಒಂದೆರಡು ದಿನಗಳ ನಂತರ ಬೆಳಿಗ್ಗೆ ಎಚ್ಚರವಾಗುವಾಗ ಆ ಮೂರ್ನಾಲ್ಕು ಪದಗಳ ಹೆಸರು ತನ್ನ ಬಾಯಿಂದ ತಾನಾಗಿ ಬಂತು ಎನ್ನುತ್ತಾರೆ ಗ್ಲೋವರ್. ಅದನ್ನು ಗಿಲನ್‌ಗೆ ಹೇಳಿದಾಗ, ಮಾದಕ ವಸ್ತುವಿನ ಹಾಡಿನಂತಿದೆ ಎಂದು ಇಬ್ಬರೂ ಪಕ್ಕಕ್ಕಿಟ್ಟರು. ಅವಧಿ ಮುಗಿಯುತ್ತ ಬಂದು ಆಲ್ಬಮ್ಮಿಗೆ ಇನ್ನೂ ಕೆಲವು ನಿಮಿಷ ಸಂಗೀತ ಬೇಕು ಎನ್ನಿಸಿದಾಗ, ಪೆವಿಲಿಯನ್ನಿನಲ್ಲಿ ಮುದ್ರಿಸಿದ್ದ ಹೆಸರಿಲ್ಲದ ಟ್ರ್ಯಾಕ್ ನೆನಪಾಯಿತು. ಹೆಸರಿಲ್ಲದ ಸಂಗೀತಕ್ಕೆ ಸಂಗೀತವಿಲ್ಲದ ಹೆಸರು ಬಂದು ಕೂಡಿಕೊಂಡಿತು. ಗಿಲನ್ ಮತ್ತು ಗ್ಲೋವರ್ ಆ ದಿನಗಳಲ್ಲಿ ನಡೆದದ್ದನ್ನೇ ಕ್ರಮವಾಗಿ ಬರೆದರು. ಗ್ರ್ಯಾಂಡ್ ಹೋಟೆಲಿನಲ್ಲಿ ಕೂತು, ತಿರುಗಿ ನೋಡಿ ಬರೆದದ್ದರಿಂದ ಕತೆ ಅಲ್ಲಿಗೇ ಬಂದು ನಿಲ್ಲುತ್ತದೆ. ಒಂದೆರಡು ದಿನದ ಪೆವಿಲಿಯನ್, ಪೊಲೀಸರು, ಬಾಗಿಲಿಗೆ ಮೈಕೊಟ್ಟ ಹುಡುಗರು ಇಷ್ಟೂ ಜಾರಿಹೋಗುತ್ತವೆ. ಮೂರು ನುಡಿಗಳ ಹಾಡಿನಲ್ಲಿ ಎರಡು ಸ್ಥಳಾಂತರಗಳಿಗೆ ಎಡೆಯಿರಲಿಲ್ಲ ಎಂಬುದೂ ಒಂದು ಕಾರಣ. ಬೆಂಕಿಯಿಂದ ನೇರ ಖಾಲಿ ಹೋಟೆಲಿಗೆ ಹಾರಿದರೆ ಕತೆಗೆ ಬಿಗಿ ಬರುತ್ತದೆ. ನಡುವೆ ಪೊಲೀಸರನ್ನು ತಂದರೆ ನಗೆಹಾಡಾಗುತ್ತದೆ. ಕವಿಗಳಾಗಿ ಅವರ ಆಯ್ಕೆ ಸರಿ. ಅದನ್ನು ದಿನಚರಿಯೆಂದು ಓದಿದವರ ದಾರಿ ತಪ್ಪಿದೆ.

ನಿಮಿಷಗಳ ಕೊರತೆ ಎಂಬ ಮಾತನ್ನೂ ಇದೇ ರೀತಿ ಪರೀಕ್ಷಿಸಬೇಕು. ಡಿಸೆಂಬರ್ 6ರಿಂದ 21ರ ನಡುವಿನ ಈ ಮುದ್ರಣದಲ್ಲಿ ಎಂಟು ಹಾಡು ತಯಾರಾಗಿದ್ದವು. ಏಳು ಮಾತ್ರ ಆಲ್ಬಮ್ಮಿಗೆ ಬಂದವು. ‘ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್’ ಎಂಬ ನಿಧಾನಗತಿಯ ಹಾಡು ಹೊರಗುಳಿಯಿತು. ಎಲ್‌ಪಿಯ ಮೊದಲ ಬದಿ ಸುಮಾರು 20 ನಿಮಿಷ, ಎರಡನೆಯದು ಹದಿನೇಳೂವರೆ ನಿಮಿಷದ ಆಸುಪಾಸು. ಹೊರಗುಳಿದ ಹಾಡು ಮೂರೂವರೆ ನಿಮಿಷದ್ದು. ಅದನ್ನು ಎರಡನೆಯ ಬದಿಗೆ ಸೇರಿಸಿದ್ದರೂ 21 ನಿಮಿಷ ಆಗುತ್ತಿತ್ತು. ಆ ಕಾಲದ ಎಲ್‌ಪಿಗೆ ಅದೇನೂ ಭಾರವಲ್ಲ. ಹಾಗಾಗಿ ಇಲ್ಲಿ ಕೆಲಸ ಮಾಡಿದ್ದು ಜಾಗದ ಲೆಕ್ಕಕ್ಕಿಂತ ಅಭಿರುಚಿಯ ಲೆಕ್ಕ. ಬ್ಲ್ಯಾಕ್‌ಮೋರ್‌ಗೆ ಆ ಹಾಡು ಹಿಡಿಸಿರಲಿಲ್ಲ ಎಂಬುದು ತಂಡದೊಳಗಿನಿಂದಲೇ ಬಂದ ಮಾತು. ಕೇಳಿದರೆ ಆಲ್ಬಮ್ಮಿನ ಓಟಕ್ಕೆ ಅದು ತಡೆಯಾಗುತ್ತಿತ್ತು ಎನ್ನುವುದನ್ನು ಅಲ್ಲಗಳೆಯಲಾಗದು. ಗಿಲನ್ ಅವರ ಗಾಯನದ ಅತ್ಯುತ್ತಮ ಮೂರೂವರೆ ನಿಮಿಷ ಹೊರಗುಳಿಯಿತು ಎನ್ನುವುದನ್ನೂ.

ಮಿಕ್ಸಿಂಗ್ ಲಂಡನ್ನಿನಲ್ಲಿ ಆಯಿತು. ಹೊದಿಕೆಗೆ ಹೊಳಪು ಲೋಹದ ಹಾಳೆಯೊಂದರಲ್ಲಿ ಮೂಡಿದ ಐವರ ಪ್ರತಿಬಿಂಬವನ್ನು ಶೆಪರ್ಡ್ ಶೆರ್ಬೆಲ್ ಛಾಯಾಚಿತ್ರ ತೆಗೆದರು. ಅಕ್ಷರಗಳು ಆ ಲೋಹದಲ್ಲೇ ಒತ್ತಿ ಮೂಡಿಸಿದವು. ಹಿಂಬದಿಯಲ್ಲಿ ತಂತಿ ಬಿಗಿಯುವ ಬಿರಡೆಗಳ ಚಿತ್ರ. ಆಲ್ಬಮ್ಮಿನ ಹೆಸರು ಅದರದೇ. ಬಿಡಿಸಿದರೆ ಒಳಪುಟದಲ್ಲಿ ಕ್ಲೋಡ್ ನಾಬ್ಸ್ ಅವರ ಚಿತ್ರವೂ ಇದೆ. ರಾಕ್ ತಂಡವೊಂದು ತನ್ನ ಕಾರ್ಯಕ್ರಮ ಸಂಘಟಕನಿಗೆ ಹಾಡಿನಲ್ಲೊಂದು ಸಾಲು, ಹೊದಿಕೆಯಲ್ಲೊಂದು ಚಿತ್ರ ಎರಡನ್ನೂ ಕೊಟ್ಟದ್ದು ವಿರಳ. ಬ್ರಿಟನ್ನಿನಲ್ಲಿ ತಂಡದ್ದೇ ಆದ ಪರ್ಪಲ್ ರೆಕಾರ್ಡ್ಸ್, ಅಮೆರಿಕದಲ್ಲಿ ವಾರ್ನರ್ ಬ್ರದರ್ಸ್ ಆಲ್ಬಮ್ಮನ್ನು ಹೊರತಂದವು. ಬ್ರಿಟನ್ನಿನಲ್ಲಿ ಅದು ಮೊದಲ ಸ್ಥಾನಕ್ಕೂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಏಳನೆಯ ಸ್ಥಾನಕ್ಕೂ ಏರಿತು.

ಬಿಡುಗಡೆಯ ಹೊತ್ತಿಗೆ ತಂಡ ಯಾವ ಹಾಡಿನ ಮೇಲೆ ಪಂದ್ಯ ಕಟ್ಟಿತ್ತು ಎಂಬುದು ಬಹಳ ಹೇಳುತ್ತದೆ. ಸಿಂಗಲ್ ಆಗಿ ಬಂದದ್ದು ‘ನೆವರ್ ಬಿಫೋರ್’. ಹಿಂಬದಿಯಲ್ಲಿ ಆಲ್ಬಮ್ಮಿನಿಂದ ಹೊರಗುಳಿದಿದ್ದ ‘ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್’. ಚೊಕ್ಕವಾಗಿ ಕಟ್ಟಿದ, ರೇಡಿಯೋಗೆ ಹೊಂದುವ ನಾಲ್ಕು ನಿಮಿಷದ ಹಾಡು ಎಂದು ಆರಿಸಿಕೊಂಡರು; ಬ್ರಿಟನ್ನಿನಲ್ಲಿ ಅದು 35ನೆಯ ಸ್ಥಾನ ದಾಟಲಿಲ್ಲ. 1972ರ ಮಾರ್ಚ್ 1ರಂದು ಕೋಪನ್‌ಹೇಗನ್ನಿನಲ್ಲಿ ಚಿತ್ರೀಕರಣವಾದ ಕಛೇರಿ ಉಳಿದುಬಂದಿದೆ. ಅದರಲ್ಲಿ ‘ಹೈವೇ ಸ್ಟಾರ್’, ‘ಲೇಜಿ’, ‘ಸ್ಪೇಸ್ ಟ್ರಕಿನ್’ ಇವೆ. ‘ಸ್ಮೋಕ್ ಆನ್ ದ ವಾಟರ್’ ಇಲ್ಲ. ಮಾರ್ಚ್ 9ರಂದು ಬಿಬಿಸಿಗಾಗಿ ಲಂಡನ್ನಿನ ಪ್ಯಾರಿಸ್ ಥಿಯೇಟರಿನಲ್ಲಿ ನುಡಿಸಿದ ಕಾರ್ಯಕ್ರಮದಲ್ಲಿ ಅದು ಕೇಳಿಸುತ್ತದೆ. ಹೊಸ ಆಲ್ಬಮ್ಮಿನ ಪ್ರಚಾರದ ಕಾರ್ಯಕ್ರಮವಾದ್ದರಿಂದ ಸೇರಿಸಿದಂತೆ ತೋರುತ್ತದೆ. ತಮ್ಮ ಕೈಯಲ್ಲಿ ಏನಿದೆ ಎಂಬುದು ಅವರಿಗೇ ಗೊತ್ತಿರಲಿಲ್ಲ.

ಗೊತ್ತುಮಾಡಿದವರು ಕೇಳುಗರು. ಅದೇ ವರ್ಷದ ಆಗಸ್ಟ್‌ನಲ್ಲಿ ಒಸಾಕಾ ಮತ್ತು ಟೋಕಿಯೋದಲ್ಲಿ ನುಡಿಸಿದ ಮೂರು ರಾತ್ರಿಗಳ ಟೇಪಿನಿಂದ ‘ಮೇಡ್ ಇನ್ ಜಪಾನ್’ ಬಂತು. ಧ್ವನಿಮುದ್ರಣ ಮತ್ತೆ ಮಾರ್ಟಿನ್ ಬರ್ಚ್. ಅದರಲ್ಲಿ ಈ ಹಾಡಿಗೆ ಸಿಕ್ಕ ಸ್ವಾಗತ ನೋಡಿ ವಾರ್ನರ್ ಕಂಪನಿ 1973ರ ಮೇನಲ್ಲಿ ಅಮೆರಿಕದಲ್ಲಿ ಅದನ್ನು ಕತ್ತರಿಸಿ ಸಿಂಗಲ್ ಮಾಡಿತು: ಒಂದು ಬದಿಗೆ ಮಾಂಟ್ರೊದ ರೂಪ, ಇನ್ನೊಂದು ಬದಿಗೆ ಜಪಾನಿನ ರೂಪ. ಬೇಸಿಗೆಯಲ್ಲಿ ಅದು ಬಿಲ್‌ಬೋರ್ಡ್‌ನ ನಾಲ್ಕನೆಯ ಸ್ಥಾನ ಮುಟ್ಟಿತು. ಆಲ್ಬಮ್ ಬಂದು ಆಗ ಒಂದು ವರ್ಷದ ಮೇಲಾಗಿತ್ತು. ಜೂನ್ ಕೊನೆಗೆ ಒಸಾಕಾದಲ್ಲಿ ಕೊನೆಯ ಕಛೇರಿ ಮುಗಿಸಿ ಗಿಲನ್ ಮತ್ತು ಗ್ಲೋವರ್ ತಂಡದಿಂದ ಹೊರಬಿದ್ದಿದ್ದರು. ಹಾಡು ಶಿಖರಕ್ಕೇರಿದ ವಾರ ಅದರ ಮಾತು ಬರೆದ ಇಬ್ಬರೂ ಡೀಪ್ ಪರ್ಪಲ್‌ನವರಾಗಿರಲಿಲ್ಲ.

ಮಾಂಟ್ರೊದ ಕ್ಯಾಸಿನೊ 1975ರಲ್ಲಿ ಮತ್ತೆ ತೆರೆಯಿತು. ಸರೋವರದ ದಂಡೆಯಲ್ಲಿ ಈಗ ತಂಡದ ಹೆಸರನ್ನೂ ಆ ರಿಫ್‌ನ ಸ್ವರಗಳನ್ನೂ ಹೊತ್ತ ಲೋಹದ ಸ್ಮಾರಕವೊಂದಿದೆ. 1997ರಲ್ಲಿ ಗ್ಲೋವರ್ ಮೂಲ ಟೇಪುಗಳಿಂದ ಆಲ್ಬಮ್ಮನ್ನು ಹೊಸದಾಗಿ ಮಿಕ್ಸ್ ಮಾಡಿದರು. 2024ರ ಮಾರ್ಚ್‌ನಲ್ಲಿ ಬಂದ ದೊಡ್ಡ ಪೆಟ್ಟಿಗೆಯ ಆವೃತ್ತಿಗೆ ಆ ಕೆಲಸ ಮಾಡಿದವರು ಡ್ವೀಜಲ್ ಜಪ್ಪಾ, ಫ್ರ್ಯಾಂಕ್ ಜಪ್ಪಾ ಅವರ ಮಗ. ಪ್ರಚಾರಕ್ಕೆ ಒದಗಿದ ಸೊಗಸಾದ ಕಾಕತಾಳೀಯ. ಪತ್ರಿಕೆಗಳು ಅದನ್ನೇ ಹಿಡಿದವು. ಸಂಶೋಧಕರಿಗೆ ಅದೇ ಪೆಟ್ಟಿಗೆಯಲ್ಲಿ ಇನ್ನೂ ಬೆಲೆಯುಳ್ಳದ್ದಿದೆ: ಪ್ಯಾರಿಸ್ ಥಿಯೇಟರಿನ ಕಾರ್ಯಕ್ರಮದ ಜೊತೆಗೆ 1971ರ ಏಪ್ರಿಲ್‌ನ ಮಾಂಟ್ರೊ ಕ್ಯಾಸಿನೊ ಕಛೇರಿ. ಸುಟ್ಟುಹೋದ ಹಾಲಿನ ಪ್ರತಿಧ್ವನಿಯನ್ನು ಈ ತಂಡದ ವಾದ್ಯಗಳ ಮೂಲಕವೇ ಕೇಳಬಹುದಾದ ಟೇಪ್ ಇದು. ಬೆಂಕಿ ಹತ್ತದಿದ್ದರೆ ‘ಮೆಷಿನ್ ಹೆಡ್’ ಹೇಗಿರುತ್ತಿತ್ತು ಎಂದು ಊಹಿಸುವವರು ಇನ್ನು ಮೇಲೆ ಇದನ್ನು ಕಾರಿಡಾರಿನ ಆರು ಹಾಡುಗಳ ಪಕ್ಕಕ್ಕಿಟ್ಟು ಕೇಳಿ ಮಾತಾಡಬೇಕು. ಏಳನೆಯದನ್ನು ಆ ಹೋಲಿಕೆಯಿಂದ ಹೊರಗಿಡುವುದು ಅಗತ್ಯ. ಅದರ ವಾದ್ಯಭಾಗ ಪೆವಿಲಿಯನ್ನಿನದು.